ನಮೂನೆಯಲ್ಲಿ ಇಲ್ಲದ ಗೊರಕೆ

ಕಾವೇರಿ ಕೊಡಗನ್ನು ಬಿಟ್ಟು ಹಾಸನದ ಕಡೆ ಹೊರಳುವ ಅಂಚಿನಲ್ಲಿದೆ ಶಿರಂಗಾಲ. ಇಂಥ ಊರುಗಳ ಮನೆಬಾಗಿಲಿಗೂ ಇಂದು ಬಿ.ಪಿ., ಶುಗರ್ ವಿಚಾರಣೆ ಬರಬೇಕೆಂಬುದು ಸರ್ಕಾರದ ಕಾರ್ಯಕ್ರಮ. 30 ದಾಟಿದವರ ಸೊಂಟದ ಸುತ್ತಳತೆ, ತಂಬಾಕು, ಕುಡಿತ, ಮನೆತನದ ಕಾಯಿಲೆ ಎಲ್ಲವನ್ನೂ ಆಶಾ ಕಾರ್ಯಕರ್ತೆ ನಮೂನೆಯಲ್ಲಿ ಬರೆದುಕೊಳ್ಳುತ್ತಾರೆ. ಇದು ನಿಜಕ್ಕೂ ದೊಡ್ಡ ಕೆಲಸ. ಆದರೆ ರಾತ್ರಿ ಗೊರಕೆ ಬರುತ್ತದೆಯೇ, ನಡುನಡುವೆ ಉಸಿರು ನಿಲ್ಲುತ್ತದೆಯೇ ಎಂದು ಆ ನಮೂನೆ ಕೇಳುವುದಿಲ್ಲ. ನನ್ನ ತಕರಾರು ಇಷ್ಟೇ.

ಗೊರಕೆ ಹೊಡೆದವನು ಚೆನ್ನಾಗಿ ಮಲಗಿದ್ದಾನೆ ಎಂದೇ ನಾವು ನಂಬಿದ್ದೇವೆ. ಆದರೆ ಆ ಗೊರಕೆಯ ಹಿಂದೆ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆ, ಇರಬಹುದು. ಅದು ಇದ್ದವರಲ್ಲಿ ಗಂಟಲಿನ ಸ್ನಾಯು ಸಡಿಲಾಗಿ ಉಸಿರಿನ ದಾರಿ ಮುಚ್ಚುತ್ತದೆ. 10 ಸೆಕೆಂಡೋ ಅದಕ್ಕೂ ಹೆಚ್ಚೋ ಉಸಿರಿಲ್ಲ. ರಕ್ತದ ಆಮ್ಲಜನಕ ಇಳಿದು, ಮಿದುಳು ಬೆಚ್ಚಿ, ಎದೆ ಬಡಿತ ಏರಿ, ಮತ್ತೆ ಉಸಿರು. ಗಂಟೆಗೆ 30 ಸಲ ಹೀಗಾದರೆ ಅದು ತೀವ್ರ ಸ್ಥಿತಿ. ನಿದ್ದೆಯಲ್ಲಿ ಇಳಿಯಬೇಕಾದ ಬಿ.ಪಿ. ಇಳಿಯುವುದಿಲ್ಲ, ಇನ್ಸುಲಿನ್ ಕೆಲಸ ಮಂದವಾಗುತ್ತದೆ. ರಾತ್ರಿ ಪದೇಪದೇ ಮೂತ್ರಕ್ಕೆ ಏಳುವುದಕ್ಕೂ ಇದು ಕಾರಣವಾಗಬಹುದು. ಆ ದೂರನ್ನು ನಾವು ಕಣ್ಣುಮುಚ್ಚಿ ಶುಗರ್ ಖಾತೆಗೆ ಹಾಕುತ್ತೇವೆ. ಮೂರು ಮಾತ್ರೆ ನುಂಗಿದರೂ ಬಗ್ಗದ ಬಿ.ಪಿ. ಇರುವವರಲ್ಲಂತೂ ಈ ಕಾಯಿಲೆ ತೀರಾ ಸಾಮಾನ್ಯ. ದಪ್ಪಗಿರುವವರಿಗೆ ಹೆಚ್ಚು ಎಂಬುದು ಹೌದು. ದವಡೆ ಚಿಕ್ಕದಿರುವ ತೆಳ್ಳನೆಯವರನ್ನೂ ಅದು ಬಿಡದು. ಮಲಗುವ ಮುಂಚಿನ ಮದ್ಯ ಗಂಟಲನ್ನು ಇನ್ನಷ್ಟು ಸಡಿಲಿಸುತ್ತದೆ.

ಹಾಗೆಂದು ಎಲ್ಲ ರೋಗಕ್ಕೂ ಗೊರಕೆಯೇ ಮೂಲ ಎನ್ನುವುದೂ ತಪ್ಪು. ಮೂಗಿಗೆ ಮುಖವಾಡ ಕಟ್ಟಿ ಗಾಳಿಯ ಒತ್ತಡದಿಂದ ದಾರಿ ತೆರೆದಿಡುವ ಸಿಪ್ಯಾಪ್ ಚಿಕಿತ್ಸೆಯನ್ನು ಸಿಡ್ನಿಯ ಕಾಲಿನ್ ಸಲಿವನ್ 1981ರಲ್ಲಿ ಪ್ರಕಟಿಸಿದರು. ಹಗಲಿನ ತೂಕಡಿಕೆಗೆ ಅದು ಉತ್ತಮ ಮದ್ದು. ಆದರೆ ಈಗಾಗಲೇ ಹೃದ್ರೋಗ ಅಥವಾ ಪಾರ್ಶ್ವವಾಯು ಕಂಡಿದ್ದ 2,717 ಜನರ ಮೇಲೆ ನಡೆದು 2016ರಲ್ಲಿ ಹೊರಬಂದ ಸೇವ್ ಅಧ್ಯಯನದಲ್ಲಿ ಅದರಿಂದ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ಅವರು ಯಂತ್ರ ಬಳಸಿದ್ದು ರಾತ್ರಿಗೆ ಸರಾಸರಿ ಮೂರು ಗಂಟೆ ಚಿಲ್ಲರೆ ಮಾತ್ರ ಎಂಬುದನ್ನೂ ಮರೆಯಬಾರದು. ಬಿ.ಪಿ.ಯಲ್ಲಿ ಸಿಗುವ ಇಳಿಕೆಯೂ ಸಾಮಾನ್ಯವಾಗಿ ಎರಡು ಮೂರು ಅಂಕದಷ್ಟೇ. ಆದ್ದರಿಂದ ಮಾತ್ರೆ ಬಿಟ್ಟು ಯಂತ್ರ ಹಿಡಿಯಿರಿ ಎಂದು ಯಾರೂ ಹೇಳಬಾರದು.

ಆದರೂ ಗೊರಕೆಯ ಪ್ರಶ್ನೆ ಕೇಳಲೇಬೇಕು. ಅದಕ್ಕೆ ಯಂತ್ರ ಬೇಡ, ಖರ್ಚಿಲ್ಲ. ಹಗಲು ತೂಕಡಿಸುತ್ತ ಘಟ್ಟದ ತಿರುವುಗಳಲ್ಲಿ ಜೀಪು ಓಡಿಸುವವನ ಜೀವ ಆ ಒಂದು ಪ್ರಶ್ನೆಯಿಂದ ಉಳಿಯಬಹುದು. ಉತ್ತರ ಮಾತ್ರ ಮಲಗಿದವನಲ್ಲಿ ಇರುವುದಿಲ್ಲ, ಪಕ್ಕದಲ್ಲಿ ಎಚ್ಚರವಿದ್ದವರಲ್ಲಿ ಇರುತ್ತದೆ. ಮುಂದಿನ ಸಲ ಬಿ.ಪಿ. ನೋಡಿಸಲು ಹೋಗುವಾಗ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.