ಸಾಲಕ್ಕೆ ಬಂದ ನೌಕೆ ಕಂಡದ್ದು

ಭೂಮಿಯ ಅತ್ಯಂತ ಪ್ರಸಿದ್ಧ ಫೋಟೋಗಳಲ್ಲೊಂದರಲ್ಲಿ ಭೂಮಿ ಎಲ್ಲಿದೆಯೆಂದು ಯಾರಾದರೂ ಬೆರಳಿಟ್ಟು ತೋರಿಸಬೇಕು. 1990ರ ಫೆಬ್ರವರಿ 14ರಂದು, ಸುಮಾರು 600 ಕೋಟಿ ಕಿಲೋಮೀಟರ್ ದೂರದಿಂದ ವಾಯೇಜರ್-1 ಎಂಬ ನೌಕೆ ಹಿಂದಿರುಗಿ ನೋಡಿ ತೆಗೆದ ಚಿತ್ರ ಅದು. ಬಿಸಿಲುಕೋಲಿನಂಥ ಒಂದು ಪಟ್ಟೆ, ಅದರೊಳಗೆ ಧೂಳಿನ ಕಣದಷ್ಟು ಒಂದು ತಿಳಿನೀಲಿ ಚುಕ್ಕೆ. ಈ ಚಿತ್ರ ಬೇಕೇ ಬೇಕೆಂದು ಹಟ ಹಿಡಿದವರು ಕಾರ್ಲ್ ಸೇಗನ್. 1994ರಲ್ಲಿ ಆ ಚುಕ್ಕೆಯ ಹೆಸರಿನಲ್ಲೇ ಪುಸ್ತಕ ಬರೆದರು. ನಮ್ಮ ಹಮ್ಮು, ನಮ್ಮ ಯುದ್ಧ, ನಮ್ಮ ಸಾಮ್ರಾಜ್ಯಗಳೆಲ್ಲ ಇಷ್ಟೇ ಇಷ್ಟು ಜಾಗದಲ್ಲಿ ನಡೆದದ್ದು ಎಂಬುದು ಅವರ ಮಾತಿನ ಸಾರ.

ಮಾತು ಸುಳ್ಳಲ್ಲ. ಆದರೂ ಆ ಚಿತ್ರದೆದುರು ಎಲ್ಲರೂ ಕೈಮುಗಿದು ನಿಲ್ಲುವಾಗ ನನಗೇಕೋ ಕಿರಿಕಿರಿ. ನೀನು ಎಷ್ಟರವಳು, ನಿನ್ನ ಕಷ್ಟ ಎಷ್ಟರದು ಎಂಬ ಉಪದೇಶ ಕೇಳಲು ನಾವು ಹೆಂಗಸರು ಅಷ್ಟು ದೂರ ಹೋಗಬೇಕಿಲ್ಲ; ಅದು ಮನೆಯ ಜಗಲಿಯಲ್ಲೇ ಪುಕ್ಕಟೆ ಸಿಗುತ್ತದೆ. ದೊರೆಗಳ ಸೊಕ್ಕಿಗೆ ಮದ್ದಾಗುವ ಮಾತು, ಮೊದಲೇ ತಲೆ ತಗ್ಗಿಸಿ ನಿಂತವರಿಗೆ ಇನ್ನೊಂದು ಮೊಟಕು. ಚಿತ್ರವಾಗಿಯೂ ಅದರಲ್ಲಿ ಹುರುಳು ಕಡಿಮೆ. ಆ ಬಿಸಿಲುಕೋಲು ಕ್ಯಾಮೆರಾದೊಳಗೆ ಸೂರ್ಯನ ಬೆಳಕು ಚದುರಿ ಮೂಡಿದ್ದು, ಭೂಮಿ ಅದರೊಳಗೆ ಸಿಕ್ಕಿದ್ದು ಆಕಸ್ಮಿಕ. ನಮ್ಮನ್ನು ಅಲುಗಾಡಿಸುವುದು ಚುಕ್ಕೆಯಲ್ಲ, ಪಕ್ಕದಲ್ಲಿ ನಿಂತ ಸೇಗನ್ನರ ಗದ್ಯ.

ಇದೇ ಸೇಗನ್ ನಾಲ್ವರು ಸಂಗಡಿಗರೊಡನೆ ಬರೆದ ಒಂದು ಲೇಖನ 1993ರ ಅಕ್ಟೋಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಒಣ ಬರಹ, ಉದ್ಗಾರಗಳಿಲ್ಲ. ನನ್ನ ಓಟು ಅದಕ್ಕೆ.

ಅದರ ನಾಯಕಿ ಎನ್ನಬಹುದಾದ ಗೆಲಿಲಿಯೋ ನೌಕೆ 1989ರ ಅಕ್ಟೋಬರಿನಲ್ಲಿ ಹೊರಟದ್ದು ಗುರುಗ್ರಹಕ್ಕೆ. 1986ರ ಚಾಲೆಂಜರ್ ದುರಂತದ ನಂತರ, ಅದಕ್ಕೆಂದು ಇಟ್ಟಿದ್ದ ಬಲವಾದ ರಾಕೆಟ್ಟು ಅಪಾಯಕಾರಿಯೆಂದು ಕೈಬಿಟ್ಟಿದ್ದರು. ಸಿಕ್ಕ ರಾಕೆಟ್ಟಿಗೆ ನೇರ ಕಳಿಸುವ ಕಸುವಿಲ್ಲ. ಹಾಗಾಗಿ ಶುಕ್ರನನ್ನು ಒಮ್ಮೆ, ಭೂಮಿಯನ್ನು ಎರಡು ಸಲ ಹಾದು, ಗ್ರಹಗಳ ಓಟದಿಂದಲೇ ಚೂರುಚೂರು ವೇಗವನ್ನು ಕಡ ತೆಗೆದುಕೊಂಡು ಹೋಗಬೇಕಾಯಿತು. 1990ರ ಡಿಸೆಂಬರ್ 8ರಂದು 960 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಯಿತು. ಅಂದರೆ ನಮ್ಮನ್ನು ನೋಡಲು ಬಂದದ್ದಲ್ಲ, ಸಾಲಕ್ಕೆ ಬಂದದ್ದು. (ತೀರಿಸುವ ಮಾತಿಲ್ಲ, ಅಂಥ ನೆಂಟರು ನಮಗೂ ಗೊತ್ತು.) ಹೇಗೂ ಬಂದಾಯಿತಲ್ಲ ಎಂದು ವಿಜ್ಞಾನಿಗಳು ಅದರ ಉಪಕರಣಗಳನ್ನು ನಮ್ಮತ್ತ ತಿರುಗಿಸಿ ಒಂದು ಪ್ರಶ್ನೆ ಕೇಳಿದರು: ಏನೂ ತಿಳಿಯದ ಪರಕೀಯರಂತೆ ನೋಡಿದರೆ, ಇಲ್ಲಿ ಜೀವವಿದೆಯೆಂದು ಹೇಳಲಾದೀತೆ?

ಗಾಳಿಯಲ್ಲಿ ಧಾರಾಳವಾಗಿ ಆಮ್ಲಜನಕ ಕಂಡಿತು. ನೆಲದ ಮೇಲೆ ಕೆಂಪು ಬೆಳಕನ್ನು ನುಂಗುವ ಯಾವುದೋ ಬಣ್ಣ ಕಂಡಿತು, ಯಾವ ಕಲ್ಲುಮಣ್ಣಿಗೂ ಹೊಂದದ್ದು; ಅದು ನಮ್ಮ ಎಲೆಗಳ ಹಸಿರು. ಜೊತೆಗೆ ಮೀಥೇನ್ ಅನಿಲ. ಸ್ವಾರಸ್ಯ ಇರುವುದು ಇಲ್ಲಿ. ಇಷ್ಟೊಂದು ಆಮ್ಲಜನಕದ ನಡುವೆ ಮೀಥೇನ್ ಬಾಳಲಾರದು, ಸುಮಾರು ಹತ್ತು ವರ್ಷಗಳಲ್ಲಿ ಸವೆದುಹೋಗುತ್ತದೆ. ಆದರೂ ಇದೆಯೆಂದರೆ ಯಾರೋ ದಿನವೂ ತುಂಬುತ್ತಿದ್ದಾರೆ. ನಿರ್ಜನವೆಂದುಕೊಂಡ ಮನೆಯಲ್ಲಿ ಎಣ್ಣೆದೀಪ ಉರಿಯುವುದು ಕಂಡ ಹಾಗೆ. ನೌಕೆಗೆ ಆ ಯಾರೋ ತಿಳಿಯದು, ನಮಗೆ ಗೊತ್ತು: ಜೌಗುನೆಲ, ಗೆದ್ದಲು, ನೀರು ನಿಂತ ಭತ್ತದ ಗದ್ದೆ, ಕೊಟ್ಟಿಗೆಯಲ್ಲಿ ಮೆಲುಕು ಹಾಕುವ ದನ.

ಕೋಟೆ, ಗೋಪುರ, ಹೆದ್ದಾರಿ ಯಾವುದೂ ಸಾಕ್ಷಿಯ ಪಟ್ಟಿಯಲ್ಲಿಲ್ಲ. ಆಸ್ಟ್ರೇಲಿಯಾ, ಅಂಟಾರ್ಕ್ಟಿಕಾಗಳ ಚಿತ್ರಗಳಲ್ಲಿ ಮನುಷ್ಯನ ಕೈಗೆಲಸವೆಂದು ಹೇಳುವಂಥದ್ದು ಒಂದೂ ಸಿಗಲಿಲ್ಲ. ಬುದ್ಧಿಯುಳ್ಳವರು ಇರಬಹುದೆಂಬುದಕ್ಕೆ ದೊರೆತ ಸುಳಿವು ರೇಡಿಯೋ ಅಲೆಗಳು ಮಾತ್ರ. ಪಕ್ಕದ ಮನೆಯ ರೇಡಿಯೋ ಗೋಡೆಯಾಚೆ ಗುನುಗುವಾಗ ಪದ ತಿಳಿಯದಿದ್ದರೂ ಮನೆಯಲ್ಲಿ ಜನ ಇದ್ದಾರೆಂದು ತಿಳಿಯುವುದಿಲ್ಲವೆ, ಹಾಗೆ.

ಉತ್ತರ ಗೊತ್ತಿದ್ದವರೇ ಪ್ರಶ್ನೆಪತ್ರಿಕೆ ಬರೆದರೆಂದು ಆಕ್ಷೇಪಿಸಬಹುದು. ನಿಜ, ಆದರೆ ಅವರು ಮೋಸ ಮಾಡಲಿಲ್ಲ. ನೀರಾವಿ ಒಡೆದೂ ಆಮ್ಲಜನಕ ಹುಟ್ಟಬಹುದಲ್ಲ ಎಂದು ತಾವೇ ಪಾಟೀಸವಾಲು ಹಾಕಿಕೊಳ್ಳುತ್ತಾರೆ. ಒಂದೊಂದೇ ಗುರುತನ್ನು ನಂಬದೆ, ಎಲ್ಲ ಒಟ್ಟಾದಾಗ ಮಾತ್ರ ತಲೆಯಾಡಿಸುತ್ತಾರೆ. ಚುಕ್ಕೆಯ ಗದ್ಯಕ್ಕಿಲ್ಲದ ಸಂಯಮ ಇದು. ಆ ಗದ್ಯ ದೂರ ನಿಂತು ನಮ್ಮನ್ನು ಅಳೆಯಿತು. ಈ ಲೇಖನ ಹತ್ತಿರ ಬಂದು ನಮ್ಮ ಉಸಿರನ್ನು ಪರೀಕ್ಷಿಸಿತು.

ಗೆಲಿಲಿಯೋ 1992ರ ಡಿಸೆಂಬರ್ 8ರಂದು ಇನ್ನೂ ಹತ್ತಿರ, 303 ಕಿಲೋಮೀಟರ್ ಎತ್ತರದಲ್ಲಿ ಬಂದು, ಉಳಿದ ಸಾಲ ಪಡೆದು ಹೊರಟಿತು. ಎಂಟು ವರ್ಷ ಗುರುವನ್ನು ಸುತ್ತಿತು. ಇಂಧನ ಮುಗಿಯುತ್ತ ಬಂದಾಗ, ಅದು ಯೂರೋಪಾ ಎಂಬ ಅಲ್ಲಿನ ಚಂದ್ರನ ಮೇಲೆ ಬಿದ್ದು, ಅಲ್ಲೇನಾದರೂ ಜೀವವಿದ್ದರೆ ಅದಕ್ಕೆ ನಮ್ಮ ಸೋಂಕು ತಗುಲದಿರಲೆಂದು, 2003ರ ಸೆಪ್ಟೆಂಬರ್ 21ರಂದು ಬೇಕೆಂದೇ ಗುರುವಿನ ಮೋಡಗಳೊಳಕ್ಕೆ ಬೀಳಿಸಿದರು.