‘ಶಾಂತರು’ ಮತ್ತು ‘ದೀನರು’: ಧನ್ಯವಚನಗಳ ಹೀಬ್ರೂ ಮೂಲ ಹಾಗೂ ಕನ್ನಡ ಅನುವಾದದ ಒಂದು ಸಮಸ್ಯೆ

ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದ ಆರಂಭದಲ್ಲಿ ಬರುವ ಧನ್ಯವಚನಗಳು ಕ್ರೈಸ್ತೇತರ ಓದುಗರಿಗೂ ಅಪರಿಚಿತವಲ್ಲ. ಪರ್ವತಪ್ರಸಂಗವು ತಮ್ಮ ಹೃದಯಕ್ಕೆ ನೇರವಾಗಿ ತಟ್ಟಿತೆಂದು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಬರೆದ ನಂತರ ಭಾರತೀಯ ಓದುಗರು ಅದನ್ನು ಅಹಿಂಸೆಯ ಸಂಹಿತೆಯೆಂದೇ ಗ್ರಹಿಸುತ್ತ ಬಂದರು. ಕನ್ನಡದಲ್ಲಿಯೂ ಧನ್ಯವಚನಗಳನ್ನು ಎಂಟು ಸದ್ಗುಣಗಳ ಪಟ್ಟಿಯಂತೆ ಓದುವ ರೂಢಿ ಬಲವಾಗಿದೆ. ಕಥೋಲಿಕ ವಲಯದಲ್ಲಿ ಪ್ರಚಲಿತವಿರುವ ‘ಅಷ್ಟಭಾಗ್ಯ’ ಎಂಬ ಹೆಸರು ಈ ಪಟ್ಟಿಯ ಭಾವನೆಯನ್ನು ಇನ್ನಷ್ಟು ಗಟ್ಟಿಗೊಳಿಸಿದೆ. ಆದರೆ ಗಲಿಲಾಯದ ಯೆಹೂದಿ ಶ್ರೋತೃಗಳಿಗೆ ಈ ಮಾತುಗಳು ಹೊಸ ಸದ್ಗುಣಗಳ ಘೋಷಣೆಯಾಗಿ ಕೇಳಿಸಿರಲಾರವು. ಅವರು ಸಭಾಮಂದಿರದಲ್ಲಿ ಕೇಳುತ್ತಿದ್ದ ಕೀರ್ತನೆಗಳ ಮತ್ತು ಪ್ರವಾದಿಗಳ ನುಡಿಗಟ್ಟೇ ಇಲ್ಲಿ ಮರಳಿ ಬಂದಿದೆ. ಈ ನುಡಿಗಟ್ಟಿನ ನೆನಪನ್ನು ಕನ್ನಡ ಸತ್ಯವೇದ ಎಷ್ಟರಮಟ್ಟಿಗೆ ಉಳಿಸಿಕೊಂಡಿದೆ ಎಂಬುದು ವಿಚಾರಾರ್ಹ. ಮೂರನೆಯ ಧನ್ಯವಚನದಲ್ಲಿ ಈ ಪ್ರಶ್ನೆ ಅತ್ಯಂತ ತೀಕ್ಷ್ಣವಾಗಿ ಎದುರಾಗುತ್ತದೆ.

‘ಧನ್ಯ’ ಎಂಬ ಪದದ ವಿಷಯದಲ್ಲಿ ಕನ್ನಡ ಅನುವಾದಕರು ಎಡವಲಿಲ್ಲ. ಹೀಬ್ರೂ ಭಾಷೆಯಲ್ಲಿ ಹರಸುವುದಕ್ಕೆ ‘ಬಾರೂಖ್’ ಎಂಬ ಪದವಿದ್ದರೆ, ಒಬ್ಬನ ಸ್ಥಿತಿಯನ್ನು ಕಂಡು ಮೆಚ್ಚಿ ನುಡಿಯುವುದಕ್ಕೆ ‘ಅಶ್ರೇ’ ಎಂಬ ಬೇರೆಯೇ ಪದವಿದೆ. ಮೊದಲನೆಯದು ಆಶೀರ್ವಾದ, ಎರಡನೆಯದು ಸಾಕ್ಷ್ಯ. ಕೀರ್ತನೆಗಳ ಸಂಗ್ರಹ ಆರಂಭವಾಗುವುದೇ ‘ಅಶ್ರೇ’ಯಿಂದ, ಆ ಒಂದು ಸಂಗ್ರಹದಲ್ಲಿಯೇ ಅದು 26 ಬಾರಿ ಬರುತ್ತದೆ. ಗ್ರೀಕ್ ಭಾಷಾಂತರವಾದ ಸೆಪ್ಟುಅಜಿಂಟ್ ಇದಕ್ಕೆ ‘ಮಕಾರಿಯೋಸ್’ ಎಂಬ ಪದವನ್ನು ಗೊತ್ತುಮಾಡಿತು, ಮತ್ತಾಯನು ಅದನ್ನೇ ಬಳಸಿದನು. ಕನ್ನಡದ ಹಳೆಯ ಅನುವಾದವು ಮೊದಲನೆಯ ಕೀರ್ತನೆಯಲ್ಲಿಯೂ ಪರ್ವತಪ್ರಸಂಗದಲ್ಲಿಯೂ ‘ಧನ್ಯ’ ಎಂದೇ ಹೇಳುವುದರಿಂದ ಇಲ್ಲಿ ಎಳೆ ಕಡಿದಿಲ್ಲ. ಬಡವರು ಧನ್ಯರೆಂಬ ಮಾತು ‘ಬಡವರಾಗಿರಿ’ ಎಂಬ ವಿಧಿಯಲ್ಲ, ಅವರನ್ನು ಕುರಿತ ಒಂದು ತೀರ್ಪು ಎಂಬ ವಿವೇಕವೂ ಈ ಪದದೊಳಗಿದೆ.

ಉಳಿದ ವಚನಗಳ ಮೂಲಗಳನ್ನು ವ್ಯಾಖ್ಯಾನಕಾರರು ಬಹು ಹಿಂದೆಯೇ ಗುರುತಿಸಿದ್ದಾರೆ. ದುಃಖಿತರಿಗೆ ಸಾಂತ್ವನ ದೊರೆಯುವುದೆಂಬ ಭರವಸೆ ಯೆಶಾಯನ 61ನೆಯ ಅಧ್ಯಾಯದ್ದು. ಅಲ್ಲಿ ಶೋಕಿಸುವವರು ಚೀಯೋನಿನ ಪಾಳುಗಳ ನಡುವೆ ಕುಳಿತವರು. ಅವರದು ಖಾಸಗಿ ದುಃಖವಲ್ಲ. ಹೃದಯ ಶುದ್ಧವಾಗಿರುವವರು ದೇವರನ್ನು ಕಾಣುವರೆಂಬುದಕ್ಕೆ ದೇವಾಲಯದ ಬೆಟ್ಟವನ್ನೇರಲು ಯಾರು ಅರ್ಹರೆಂದು ಕೇಳುವ 24ನೆಯ ಕೀರ್ತನೆ ಹಿನ್ನೆಲೆಯಾಗಿದೆ. ‘ಆತ್ಮದಲ್ಲಿ ಬಡವರು’ ಎಂಬ ವಿಚಿತ್ರ ಸಮಾಸಕ್ಕೆ ಯೆಶಾಯನ 66ನೆಯ ಅಧ್ಯಾಯದ, ಬಡವನೂ ಮುರಿದ ಮನಸ್ಸಿನವನೂ ಆದವನ ಚಿತ್ರ ಸಮೀಪದ್ದು. ಕುಮ್ರಾನಿನ ಯುದ್ಧಸುರುಳಿಯಲ್ಲಿಯೂ ಇದಕ್ಕೆ ಸರಿಹೊಂದುವ ಹೀಬ್ರೂ ಪ್ರಯೋಗ ದೊರೆತಿರುವುದರಿಂದ, ಇದು ಮತ್ತಾಯನ ಸ್ವಂತ ಸೃಷ್ಟಿಯೆಂಬ ಹಿಂದಿನ ವಾದಕ್ಕೆ ಈಗ ಬಲವಿಲ್ಲ.

ಮೂರನೆಯ ವಚನದ ಸ್ಥಿತಿ ಇವುಗಳಿಗಿಂತ ಭಿನ್ನ. ಅದು ಹಿನ್ನೆಲೆಯುಳ್ಳ ವಾಕ್ಯ ಮಾತ್ರವಲ್ಲ, ಹೆಚ್ಚುಕಡಿಮೆ 37ನೆಯ ಕೀರ್ತನೆಯ 11ನೆಯ ವಚನವೇ ಆಗಿದೆ. ಅಕ್ಷರಾನುಕ್ರಮದಲ್ಲಿ ರಚಿತವಾದ ಆ ಕೀರ್ತನೆ ಒಬ್ಬ ವೃದ್ಧನ ನುಡಿ. ಕೆಡುಕರ ಏಳಿಗೆಯನ್ನು ಕಂಡು ಉರಿಯಬೇಡವೆಂದು ಅವನು ಕಿರಿಯನಿಗೆ ಹೇಳುತ್ತಾನೆ. ಆದರೆ ಆ ಕೆಡುಕರು ಯಾರೆಂಬುದನ್ನು ಕೀರ್ತನೆ ಮರೆಮಾಚುವುದಿಲ್ಲ: ಸಾಲ ತಂದು ತೀರಿಸದವರು, ಬಡವನನ್ನು ಕೆಡವಲು ಕತ್ತಿ ಹಿರಿದು ಬಿಲ್ಲು ಬಗ್ಗಿಸಿದವರು. ಈ ಚಿತ್ರಗಳ ನಡುವೆ ಒಂದೇ ಮಾತು ಪಲ್ಲವಿಯಂತೆ ಐದು ಬಾರಿ ಬರುತ್ತದೆ, ನೆಲ ಯಾರಿಗೆ ಸೇರುವುದು ಎಂಬುದು. ಐದರಲ್ಲಿ ಒಮ್ಮೆ ನೆಲವನ್ನು ಪಡೆಯುವವರಿಗೆ ‘ಅನಾವೀಮ್’ ಎಂಬ ಹೆಸರಿದೆ. ಬಾಗಿಸಲ್ಪಟ್ಟವರು, ತಗ್ಗಿಸಲ್ಪಟ್ಟವರು ಎಂಬುದು ಅದರ ಧಾತ್ವರ್ಥಕ್ಕೆ ಹತ್ತಿರ. ಬಡವ ಎಂಬರ್ಥದ ‘ಅನೀ’ ಇದರ ಸಹೋದರ ಪದ. ಹಸ್ತಪ್ರತಿಗಳಲ್ಲಿ ಇವೆರಡೂ ಆಗಾಗ ಒಂದರ ಸ್ಥಾನಕ್ಕೆ ಇನ್ನೊಂದು ಬರುವಷ್ಟು ಹತ್ತಿರದವು. ಅಂದರೆ ‘ಅನಾವ್’ ಮೊದಲಿಗೆ ಸ್ವಭಾವವಾಚಿಯಲ್ಲ, ಸ್ಥಿತಿವಾಚಿ. ತಗ್ಗಿಸಲ್ಪಟ್ಟವನು ದೇವರನ್ನೇ ನೆಚ್ಚಿ ನಿಂತಾಗ ಆ ಸ್ಥಿತಿಗೆ ಸ್ವಭಾವದ ಅರ್ಥವೂ ಕೂಡಿಕೊಂಡಿತು.

ಇಲ್ಲಿನ ಕ್ರಿಯಾಪದವೂ ಗಮನಾರ್ಹ. ‘ಯಾರಶ್’ ಎಂದರೆ ಸ್ವಾಧೀನಕ್ಕೆ ತೆಗೆದುಕೊಳ್ಳುವುದೂ ಹೌದು, ಪಿತ್ರಾರ್ಜಿತವಾಗಿ ಪಡೆಯುವುದೂ ಹೌದು. ಅರಸನಾದ ಅಹಾಬನು ನಾಬೋತನ ದ್ರಾಕ್ಷಿತೋಟವನ್ನು ಕಬಳಿಸಿದ ಪ್ರಸಂಗದಲ್ಲಿ ಎಲೀಯನ ಬಾಯಿಂದ ಬರುವ ಆರೋಪವೂ ಇದೇ ಕ್ರಿಯಾಪದದಲ್ಲಿದೆ. ಕೊಂದೆಯಲ್ಲದೆ ಸ್ವಾಧೀನವನ್ನೂ ಪಡೆದೆಯಾ ಎಂಬುದು ಅದರ ತಾತ್ಪರ್ಯ. ಪಿತ್ರಾರ್ಜಿತವನ್ನು ಮಾರಲಾರೆನೆಂದ ನಾಬೋತ ಕಲ್ಲೇಟಿನಿಂದ ಸತ್ತನು, ಅರಸ ನೆಲವನ್ನು ‘ಯಾರಶ್’ ಮಾಡಿದನು. ಕೀರ್ತನೆ ಈ ಕ್ರಿಯಾಪದವನ್ನು ಅಹಾಬನಂಥವರ ಕೈಯಿಂದ ತೆಗೆದು ನಾಬೋತನಂಥವರ ಕೈಗೆ ಕೊಡುತ್ತದೆ. ಭೂಮಿಯನ್ನು ಶಾಶ್ವತವಾಗಿ ಮಾರಕೂಡದು, 50ನೆಯ ವರ್ಷದಲ್ಲಿ ಪ್ರತಿಯೊಬ್ಬನೂ ತನ್ನ ಸ್ವತ್ತಿಗೆ ಮರಳಬೇಕು ಎಂದು ಯಾಜಕಕಾಂಡದ 25ನೆಯ ಅಧ್ಯಾಯ ಹೇಳುವಾಗ ಬಿಡುಗಡೆಗೆ ಬಳಸುವ ‘ದೆರೋರ್’ ಎಂಬ ಪದವೇ ಯೆಶಾಯನ 61ನೆಯ ಅಧ್ಯಾಯದಲ್ಲಿಯೂ ಇದೆ. ಶುಭವಾರ್ತೆಯನ್ನು ಕೇಳಬೇಕಾದವರು ಅಲ್ಲಿಯೂ ‘ಅನಾವೀಮ್’.

ಕನ್ನಡಕ್ಕೆ ಬಂದಾಗ ಏನಾಯಿತು? ಹಳೆಯ ಅನುವಾದದಲ್ಲಿ ಕೀರ್ತನೆಯ ‘ಅನಾವೀಮ್’ ‘ದೀನರು’ ಆಗಿದ್ದಾರೆ, ಅವರಿಗೆ ದೊರೆಯುವುದು ‘ದೇಶ’, ಕ್ರಿಯಾಪದ ‘ಅನುಭವಿಸು’. ಮತ್ತಾಯನಲ್ಲಿ ಅವರೇ ‘ಶಾಂತರು’, ದೊರೆಯುವುದು ‘ಭೂಮಿ’, ಅವರು ಅದಕ್ಕೆ ‘ಬಾಧ್ಯರು’. ಯೆಶಾಯನಲ್ಲಿ ಅವರು ‘ಬಡವರು’. ಕೀರ್ತನೆಗೂ ಧನ್ಯವಚನಕ್ಕೂ ನಡುವೆ ಕರ್ತೃ, ಕರ್ಮ, ಕ್ರಿಯೆಗಳಲ್ಲಿ ಒಂದಾದರೂ ಸಮಾನವಾಗಿ ಉಳಿದಿಲ್ಲ. ಕನ್ನಡ ಸತ್ಯವೇದವನ್ನು ಆದ್ಯಂತ ಓದಿದವನಿಗೂ ಇವೆರಡು ಒಂದೇ ವಾಕ್ಯವೆಂದು ಹೊಳೆಯುವ ದಾರಿಯಿಲ್ಲ.

ಇದನ್ನು ಅನುವಾದಕರ ಅಲಕ್ಷ್ಯವೆನ್ನುವುದು ನ್ಯಾಯವಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ಅವರ ಸಹೋದ್ಯೋಗಿ ವಿಲಿಯಂ ರೀವ್, ತರುವಾಯ ಪರಿಷ್ಕರಣದಲ್ಲಿ ದುಡಿದ ಬಾಸೆಲ್ ಮಿಷನ್ನಿನ ವೈಗಲ್ ಮುಂತಾದವರ ಮುಂದಿದ್ದುದು ಎರಡು ಭಾಷೆಗಳ ಎರಡು ಮೂಲಗಳು. ಬಿರುಕು ಬಿದ್ದದ್ದು ಗ್ರೀಕಿನಲ್ಲಿ. ಸೆಪ್ಟುಅಜಿಂಟ್ ಅನುವಾದಕರು ಯೆಶಾಯನ ‘ಅನಾವೀಮ್’ಗೆ ಕಡುಬಡವರೆಂಬ ಅರ್ಥದ ‘ಪ್ತೋಖೋಯಿ’ ಎಂದೂ ಕೀರ್ತನೆಯ ‘ಅನಾವೀಮ್’ಗೆ ಮೃದುಸ್ವಭಾವದವರೆಂಬ ಅರ್ಥದ ‘ಪ್ರಾಎಯ್ಸ್’ ಎಂದೂ ಬರೆದರು. ಮತ್ತಾಯನ ಮೊದಲ ಮತ್ತು ಮೂರನೆಯ ಧನ್ಯವಚನಗಳಲ್ಲಿರುವುದು ಈ ಎರಡು ಗ್ರೀಕ್ ಪದಗಳೇ. ಹೀಬ್ರೂವಿನಲ್ಲಿ ಒಂದಾಗಿದ್ದ ಜನ ಗ್ರೀಕಿನಲ್ಲಿ ಇಬ್ಬರಾದರು. ಕನ್ನಡದಲ್ಲಿ ಬಡವರು, ಶಾಂತರು, ದೀನರು ಎಂದು ಮೂವರಾದರು. ಬೆಜಾ ಹಸ್ತಪ್ರತಿಯೂ ಲ್ಯಾಟಿನ್ ವಲ್ಗೇಟೂ ಮತ್ತಾಯನ ನಾಲ್ಕು ಮತ್ತು ಐದನೆಯ ವಚನಗಳನ್ನು ಅದಲುಬದಲು ಮಾಡಿ ಬಡವರ ವಚನದ ಪಕ್ಕದಲ್ಲಿಯೇ ಈ ವಚನವನ್ನಿರಿಸಿವೆ. ಇವೆರಡೂ ಜೋಡಿಯೆಂಬ ಅರಿವು ಆ ಪರಂಪರೆಗಿದ್ದಿರಬೇಕೆಂದು ಊಹಿಸುವುದು ತಪ್ಪಾಗಲಾರದು.

ಕನ್ನಡದ ಭಾಷಿಕ ಸಂಸ್ಕಾರ ಈ ಬಿರುಕನ್ನು ಇನ್ನಷ್ಟು ಅಗಲಿಸಿದೆ. ‘ಶಾಂತ’ ಎಂಬುದು ಇಲ್ಲಿ ಬರಿಯ ಸ್ವಭಾವವಲ್ಲ, ಒಂದು ರಸ. ಕ್ರಿ.ಶ. 941ರ ಪಂಪನ ಆದಿಪುರಾಣದಿಂದ ಮೊದಲ್ಗೊಂಡು ಜೈನಕಾವ್ಯಗಳು ಯಾವ ನೆಲೆಗೆ ತಲುಪಲು ಹವಣಿಸುತ್ತವೆಯೋ ಆ ನೆಲೆ ಅದು. ಅಣ್ಣನನ್ನು ಗೆದ್ದ ಬಾಹುಬಲಿ ಗೆದ್ದ ನೆಲವನ್ನೇ ಒಲ್ಲೆನೆಂದು ಕಾಡಿಗೆ ನಡೆದುದನ್ನು ಬಲ್ಲ ಓದುಗನಿಗೆ ಶಾಂತನೆಂದರೆ ಭೂಮಿಯನ್ನು ಬಿಟ್ಟವನು. ಅಂಥವನು ಭೂಮಿಗೆ ಬಾಧ್ಯನಾಗುವನೆಂದರೆ ಅದು ಸುಂದರವಾದ ವಿರೋಧಾಭಾಸವಾಗಿ ಕೇಳುತ್ತದೆ. 37ನೆಯ ಕೀರ್ತನೆಯಲ್ಲಾದರೋ ವಿರೋಧಾಭಾಸವೇನೂ ಇಲ್ಲ. ಅಲ್ಲಿನ ದೀನರು ನೆಲವನ್ನು ತ್ಯಜಿಸಿದವರಲ್ಲ, ಕಳೆದುಕೊಂಡವರು. ತಮ್ಮದನ್ನು ಮರಳಿ ಪಡೆಯುವರೆಂಬುದೇ ಅದರ ಮಾತು. ತ್ಯಾಗಿಯ ಮಹಿಮೆಗೂ ವಂಚಿತನ ಹಕ್ಕಿಗೂ ಇರುವ ಅಂತರ ಅನುವಾದದ ಒಂದು ಪದದಲ್ಲಿ ಅಳಿಸಿಹೋಗಿದೆ.

ಈ ಅಂತರ ಕೇವಲ ಪಂಡಿತರ ಚರ್ಚೆಯಲ್ಲ ಎಂಬುದು ನೆಲದ ಮಾತು ದಿನನಿತ್ಯದ ಮಾತಾಗಿರುವ ಸೀಮೆಯಲ್ಲಿ ಸ್ಪಷ್ಟವಾಗುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಯನ್ನು ಉದಾಹರಣೆಯಾಗಿ ನೋಡಬಹುದು. ಮಳೆನೀರು ಹಿಡಿಯುವ ಕುಂಟೆಯನ್ನು ಹೆಸರಿನಲ್ಲಿಯೇ ಉಳಿಸಿಕೊಂಡಿರುವ ಈ ಊರು ಇಂದು ಕೈಗಾರಿಕಾ ಪ್ರದೇಶವೆಂದು ಹೆಚ್ಚು ಪರಿಚಿತ. ಇಂಥ ಊರುಗಳಲ್ಲಿ ‘ಅನುಭವ’ ಮತ್ತು ‘ಬಾಧ್ಯತೆ’ಗಳು ಅಧ್ಯಾತ್ಮದ ಪದಗಳಾಗುವ ಮೊದಲು ದಸ್ತಾವೇಜಿನ ಪದಗಳು. ಕ್ರಯಪತ್ರದಲ್ಲಿ ಬರುವುದು ‘ಸ್ವಾಧೀನಾನುಭವ’, ವಾರಸಿನ ಪ್ರಶ್ನೆಯಲ್ಲಿ ಬರುವುದು ‘ಹಕ್ಕುಬಾಧ್ಯತೆ’. ಉಳುವವನ ಅನುಭವ ಒಂದೆಡೆ, ಒಡೆಯನ ಬಾಧ್ಯತೆ ಇನ್ನೊಂದೆಡೆ ಇದ್ದ ಕಾಲವನ್ನು ಕರ್ನಾಟಕ ಕಂಡಿದೆ. 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾಗಿ, ಉಳುವವನು ಅರ್ಜಿ ಸಲ್ಲಿಸಿ ಒಡೆತನ ಪಡೆಯುವ ಅವಕಾಶವಾದದ್ದು ಆ ಅಂತರವನ್ನು ಮುಚ್ಚುವುದಕ್ಕಾಗಿಯೇ. ‘ಯಾರಶ್’ ಎಂಬ ಒಂದು ಹೀಬ್ರೂ ಕ್ರಿಯಾಪದದಲ್ಲಿ ಈ ಎರಡೂ ಅಡಗಿವೆ. ಕನ್ನಡ ಸತ್ಯವೇದವು ಕೀರ್ತನೆಗೆ ಅನುಭವವನ್ನೂ ಸುವಾರ್ತೆಗೆ ಬಾಧ್ಯತೆಯನ್ನೂ ಹಂಚಿಕೊಟ್ಟಿದೆ. ಅಲ್ಲದೆ ಇಂದಿನ ಕಚೇರಿ ಭಾಷೆಯಲ್ಲಿ ‘ಬಾಧ್ಯತೆ’ ಎಂದರೆ ಹೊಣೆ, ತೀರಿಸಬೇಕಾದ ಋಣ. ಭೂಮಿಗೆ ಬಾಧ್ಯರಾಗುವುದೆಂದರೆ ಅದರ ಸಾಲವನ್ನು ಹೊರುವುದೆಂದು ಹೊಸ ತಲೆಮಾರಿನ ಓದುಗ ಅರ್ಥಮಾಡಿಕೊಂಡರೆ ಅವನನ್ನು ದೂರುವಂತಿಲ್ಲ.

ಗೌರಿಬಿದನೂರಿನ ಗಡಿ ದಾಟಿದರೆ ಹಿಂದೂಪುರ. ಈ ಸೀಮೆಯ ಅನೇಕರಿಗೆ ಕನ್ನಡ ತೆಲುಗುಗಳೆರಡೂ ಬಾಯಿಮಾತು. ಆದ್ದರಿಂದ ಇಲ್ಲಿ ತೆಲುಗು ಸತ್ಯವೇದದ ಜತೆಗಿನ ಹೋಲಿಕೆ ಸಹಜವಾದದ್ದು. ತೆಲುಗಿನಲ್ಲಿಯೂ ಕರ್ತೃ ಬದಲಾಗಿದೆ, ಕೀರ್ತನೆಯಲ್ಲಿ ‘ದೀನುಲು’, ಮತ್ತಾಯನಲ್ಲಿ ‘ಸಾತ್ವಿಕುಲು’. ಭೂಮಿ ಅಲ್ಲಿ ‘ಭೂಲೋಕ’ವಾಗಿ ಹಿಗ್ಗಿದೆ. ಆದರೆ ‘ಸ್ವತಂತ್ರಿಂಚುಕೊನು’ ಎಂಬ ಕ್ರಿಯಾಪದ ಎರಡೂ ಕಡೆ ಒಂದೇ. ಆ ಒಂದು ಪದವನ್ನು ಹಿಡಿದು ತೆಲುಗು ಕೇಳುಗ ಧನ್ಯವಚನದಿಂದ ಕೀರ್ತನೆಗೆ ಮರಳಬಲ್ಲನು. ತನ್ನದಾಗಿಸಿಕೊಳ್ಳುವುದು ಎಂಬ ಅದರ ಅರ್ಥದಲ್ಲಿ ಸ್ವಾಧೀನವೂ ಹಕ್ಕೂ ಬೇರ್ಪಟ್ಟಿಲ್ಲ ಎಂಬುದು ಇನ್ನೊಂದು ಲಾಭ. ಕನ್ನಡ ಓದುಗನಿಗೆ ಇಂಥ ಹಿಡಿಕೆ ದೊರೆತಿಲ್ಲ.

ಆದರೂ ಕೀರ್ತನೆಯನ್ನು ಹಿಡಿದು ಧನ್ಯವಚನವನ್ನು ಭೂಸುಧಾರಣೆಯ ಘೋಷಣೆಯಾಗಿ ಓದುವುದು ಅವಸರದ ತೀರ್ಮಾನವಾದೀತು. ಕ್ರಿಸ್ತಪೂರ್ವದಲ್ಲಿಯೇ ಈ ಕೀರ್ತನೆಯ ಅರ್ಥ ಚಲಿಸತೊಡಗಿತ್ತು. ಕುಮ್ರಾನಿನ ನಾಲ್ಕನೆಯ ಗವಿಯಲ್ಲಿ ದೊರೆತ ಅದರ ವ್ಯಾಖ್ಯಾನವು ‘ಅನಾವೀಮ್’ ಎಂದರೆ ಬಡವರ ಸಭೆ, ಅರ್ಥಾತ್ ತಮ್ಮದೇ ಪಂಥ, ಎಂದು ವಿವರಿಸುತ್ತದೆ. ಮತ್ತಾಯನೂ ‘ಪ್ರಾಉಸ್’ ಎಂಬ ಪದವನ್ನು ಯೇಸುವಿನ ಗುಣವಾಗಿ ಎರಡು ಬಾರಿ ಬಳಸುತ್ತಾನೆ. ಆ ಎರಡರಲ್ಲಿ ಒಂದು ಕತ್ತೆಯೇರಿ ಬರುವ ಅರಸನನ್ನು ಕುರಿತ ಜೆಕರ್ಯನ ಪ್ರವಾದನೆಯ ಉದ್ಧರಣೆ. ಅಲ್ಲಿನ ಹೀಬ್ರೂ ಪದ ಮತ್ತೆ ‘ಅನೀ’. ಹಾಗಾಗಿ ಸ್ವಭಾವದ ಅರ್ಥವನ್ನು ಪೂರ್ತಿ ತಳ್ಳಿಹಾಕುವುದು ಮತ್ತಾಯನಿಗೆ ಅನ್ಯಾಯ. ‘ಎರೆಟ್ಸ್’ ಎಂಬ ಹೀಬ್ರೂ ಪದಕ್ಕೂ ‘ಗೇ’ ಎಂಬ ಗ್ರೀಕ್ ಪದಕ್ಕೂ ನಾಡು ಮತ್ತು ಭೂಮಂಡಲ ಎಂಬ ಎರಡರ್ಥಗಳಿರುವುದರಿಂದ, ಒಂದು ನಾಡಿನ ವಾಗ್ದಾನ ಲೋಕಕ್ಕೆಲ್ಲ ವಿಸ್ತರಿಸಿದ್ದರಲ್ಲಿಯೂ ಅಸಹಜವೇನಿಲ್ಲ. ಆಕ್ಷೇಪವಿರುವುದು ಅರ್ಥ ವಿಸ್ತರಿಸಿದ್ದಕ್ಕಲ್ಲ. ವಿಸ್ತರಿಸಿದ ಅರ್ಥ ಮೊದಲಿನ ಅರ್ಥವನ್ನು ಮರೆಸಿದ್ದಕ್ಕೆ. ಅನ್ಯಾಯಕ್ಕೊಳಗಾದವನಿಗೆ ಸುಮ್ಮನಿರೆಂದು ಹೇಳುವ ಸಂದರ್ಭಗಳಲ್ಲಿ ಈ ವಚನ ಬಳಕೆಯಾಗುವುದು ಈ ಮರೆವಿನಿಂದಲೇ.

ಲೂಕನ ಪಾಠ ಇಲ್ಲಿ ನೆರವಿಗೆ ಬರುತ್ತದೆ. ಅವನ ಆರನೆಯ ಅಧ್ಯಾಯದಲ್ಲಿ ಧನ್ಯವಚನಗಳು ನಾಲ್ಕೇ, ಶಾಂತರ ವಚನ ಅಲ್ಲಿಲ್ಲ. ಬಡವರೆಂಬ ಪದಕ್ಕೆ ವಿಶೇಷಣವಿಲ್ಲ, ಬೆನ್ನಿಗೇ ಐಶ್ವರ್ಯವಂತರಿಗೆ ಅಯ್ಯೋ ಎನ್ನುವ ನಾಲ್ಕು ಮಾತುಗಳಿವೆ. ಮತ್ತಾಯನು ಆತ್ಮದ ಮಾತು ಸೇರಿಸಿ ಒಳಮುಖವಾದನು, ಲೂಕನು ಹೊರಮುಖವಾಗಿಯೇ ಉಳಿದನು ಎಂಬ ಸಾಮಾನ್ಯ ಅಭಿಪ್ರಾಯಕ್ಕೆ 37ನೆಯ ಕೀರ್ತನೆ ಒಂದು ತಿದ್ದುಪಡಿ. ಒಳಮುಖನೆನಿಸಿದ ಮತ್ತಾಯನೇ ನೆಲದ ಕೀರ್ತನೆಯನ್ನು ಉಳಿಸಿಕೊಂಡವನು.

ಕನ್ನಡಕ್ಕೆ ‘ದೀನ’ ಎಂಬ ಪದ ಹೊಸದಲ್ಲ; ಕೀರ್ತನೆಯಲ್ಲಿ ಅದು ಈಗಾಗಲೇ ಇದೆ. ಸ್ಥಿತಿ, ಸ್ವಭಾವ ಎರಡನ್ನೂ ಸೂಚಿಸುವ ಶಕ್ತಿ ಅದಕ್ಕಿದೆ. ದೈನ್ಯವೆಂಬ ಕೀಳರಿಮೆಯ ಛಾಯೆಯೂ ಅಂಟಿಕೊಂಡಿದೆ ಎಂಬ ಆಕ್ಷೇಪ ನಿಜವೇ, ಆದರೆ ‘ಅನಾವ್’ ಎಂಬುದಕ್ಕೂ ಆ ಛಾಯೆ ತಪ್ಪಿದ್ದಲ್ಲ. ಮುಂದಿನ ಪರಿಷ್ಕರಣಗಳಲ್ಲಿ ಮತ್ತಾಯನ ವಚನಕ್ಕೂ ಇದೇ ಪದ ಬಂದು, ಕ್ರಿಯಾಪದವೂ ಎರಡು ಕಡೆ ಒಂದೇ ಆದರೆ ಉದ್ಧರಣೆ ಮತ್ತೆ ಉದ್ಧರಣೆಯಾಗಿ ಕೇಳಿಸೀತು. ಅಲ್ಲಿಯವರೆಗೆ, ಪುಟದ ಅಂಚಿನಲ್ಲಿ ‘ಕೀರ್ತನೆ 37:11’ ಎಂದು ಮುದ್ರಿತವಾಗುವ ಸೂಚನೆಯೊಂದನ್ನು ಬಿಟ್ಟರೆ ಕನ್ನಡ ಓದುಗನಿಗೆ ಬೇರೆ ಸುಳಿವಿಲ್ಲ.