ಅಧ್ಯಯನ ಪ್ರವಾಸ ಮತ್ತು ವಾಣಿಜ್ಯನೀತಿ: ಮೆಕ್ಸಿಕೋದ ನಿದರ್ಶನ

ವಾಣಿಜ್ಯನೀತಿಯ ಫಲವನ್ನು ಪರದೇಶದ ಜನರ ಬಾಳಿನಲ್ಲಿಯೇ ಕಂಡರಿಯಬೇಕೆಂದು ತಂಡ ಕಟ್ಟಿಕೊಂಡು ಹೊರಡುವ ಪದ್ಧತಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಕೆಲವು ದಶಕಗಳಿಂದ ರೂಢಿಯಲ್ಲಿದೆ. 'ವಿಟ್‌ನೆಸ್ ಫಾರ್ ಪೀಸ್', 'ಗ್ಲೋಬಲ್ ಎಕ್ಸ್‌ಚೇಂಜ್' ಮೊದಲಾದ ಸಂಸ್ಥೆಗಳು ಇಂತಹ ತಂಡಗಳನ್ನು ಮೆಕ್ಸಿಕೋಗೆ ಕರೆದೊಯ್ದಿವೆ. ಈ ಪ್ರವಾಸವನ್ನು ಒಂದು ಜ್ಞಾನಸಾಧನವೆಂದು ಭಾವಿಸಿ ಅದರ ಬಲಾಬಲಗಳನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಉತ್ತರ ಅಮೆರಿಕದ ಮುಕ್ತ ವಾಣಿಜ್ಯ ಒಪ್ಪಂದವು 1994ರ ಜನವರಿ 1ರಂದು ಜಾರಿಗೆ ಬಂದಿತು. ಅದೇ ದಿನ ಚಿಯಾಪಾಸ್ ಪ್ರಾಂತದಲ್ಲಿ ಜಪಾಟಿಸ್ಟರು ಬಂಡೆದ್ದರು. ಸರ್ಕಾರದ ಸಹಾಯಧನದ ಬಲವಿದ್ದ ಅಮೆರಿಕದ ಮೆಕ್ಕೆಜೋಳ ಅಗ್ಗವಾಗಿ ಒಳಬಂದಿತು. ಮೆಕ್ಸಿಕೋದ ಬೆಳೆಗಾರನಿಗೆ ದೊರೆಯುತ್ತಿದ್ದ ಬೆಲೆ ಕುಸಿಯಿತು. ಒವಾಹಾಕದ ಬೆಟ್ಟದೂರಿನಲ್ಲಿ ಮಳೆಯನ್ನೇ ನಂಬಿದ ತುಂಡು ಹೊಲದ ಒಡೆಯನು, ಮಗ ಉತ್ತರಕ್ಕೆ ಕೂಲಿಗೆ ಹೋದುದನ್ನು ಹೇಳುವಾಗ, ಅಂಕಿಅಂಶಗಳು ತಿಳಿಸಲಾರದ ಸಂಗತಿಯೊಂದು ಪ್ರವಾಸಿಗೆ ತಿಳಿಯುತ್ತದೆ. ಈ ಲಾಭವನ್ನು ಅಲ್ಲಗಳೆಯುವಂತಿಲ್ಲ.

ಆದರೆ ಪರಿಣಾಮವನ್ನು ಕಂಡವನು ಕಾರಣವನ್ನೂ ಕಂಡನೆಂದು ಹೇಳಲಾಗದು. ಆಮದಿನಿಂದ ಮೆಕ್ಸಿಕೋದ ಮೆಕ್ಕೆಜೋಳದ ಬೇಸಾಯವೇ ಅಳಿಯಿತೆಂಬ ತೀರ್ಮಾನಕ್ಕೆ ಪ್ರವಾಸಿಯು ಸುಲಭವಾಗಿ ಬರುತ್ತಾನೆ. ವಾಸ್ತವವಾಗಿ ಒಪ್ಪಂದದ ಅನಂತರದ ದಶಕಗಳಲ್ಲಿ ಆ ದೇಶದ ಒಟ್ಟು ಉತ್ಪನ್ನ ಇಳಿಯಲಿಲ್ಲ, ಏರಿತು. ಆಮದಾದುದು ಬಹುಮಟ್ಟಿಗೆ ಪಶುಗಳ ಮೇವಿಗೆ ಒದಗುವ ಹಳದಿ ಜೋಳ. ಜನರು ರೊಟ್ಟಿಗೆ ಬಳಸುವುದು ಬಿಳಿಯ ಜೋಳ. ಸಿನಲೋವಾ ಪ್ರಾಂತದ ದೊಡ್ಡ ನೀರಾವರಿ ಹಿಡುವಳಿಗಳು ಬೆಳೆದವು. ಬೆಟ್ಟದ ಬಡವನು ಸೋತನು. ನಷ್ಟವು ದೇಶಕ್ಕೆಲ್ಲ ಸಮನಾಗಿ ಹಂಚಿಹೋಗಲಿಲ್ಲವೆಂಬ ಈ ಮುಖ್ಯ ವಿಷಯವು ಒಂದೇ ಪ್ರಾಂತವನ್ನು ನೋಡಿ ಬಂದವರಿಗೆ ಹೊಳೆಯದು.

ಇನ್ನೊಂದು ಅಂಶವೂ ಗಮನಾರ್ಹ. ಗೊತ್ತಾದ ಪ್ರಮಾಣವನ್ನು ಮೀರಿದ ಆಮದಿನ ಮೇಲೆ, ಕ್ರಮೇಣ ಇಳಿಯುವ ಸುಂಕವನ್ನು 2008ರವರೆಗೂ ವಿಧಿಸಲು ಒಪ್ಪಂದವೇ ಅವಕಾಶವಿತ್ತಿತ್ತು. ಮೆಕ್ಸಿಕೋ ಸರ್ಕಾರವು ಬಹುತೇಕ ವರ್ಷಗಳಲ್ಲಿ ಆ ಸುಂಕವನ್ನು ತಾನೇ ಬಿಟ್ಟುಕೊಟ್ಟಿತು. ಸಮುದಾಯದ ಭೂಮಿಯ ಪರಭಾರೆಗೆ ದಾರಿಮಾಡಿದ ಸಂವಿಧಾನದ 27ನೆಯ ವಿಧಿಯ ತಿದ್ದುಪಡಿ 1992ರದು. ಧಾನ್ಯ ಕೊಳ್ಳುತ್ತಿದ್ದ 'ಕೊನಸುಪೊ' ಎಂಬ ಸರ್ಕಾರಿ ಸಂಸ್ಥೆ 1999ರಲ್ಲಿ ಮುಚ್ಚಿತು. ಇವೆಲ್ಲ ರಾಜಧಾನಿಯಲ್ಲಿ ನಡೆದ ನಿರ್ಣಯಗಳು. ಹೊಲದ ಬದುವಿನಲ್ಲಿ ನಿಂತವನಿಗೆ ಕಾಣುವಂಥವಲ್ಲ. ಮೇಲಾಗಿ, ಯಾರ ಮಾತನ್ನು ಕೇಳಬೇಕೆಂಬುದನ್ನು ಆತಿಥೇಯರು ಮೊದಲೇ ಆರಿಸಿರುತ್ತಾರೆ. ಕೇಳಿದ ಮಾತು ದುಭಾಷಿಯ ಮೂಲಕ ಬಂದುದಾಗಿರುತ್ತದೆ.

ಇದು ಕೇವಲ ಪಂಡಿತರ ತರ್ಕವಲ್ಲ. ಪ್ರವಾಸಿಯು ಆ ನೀತಿಯನ್ನು ರೂಪಿಸಿದ ದೇಶದ ಮತದಾರ. ಅವನು ಕಾರಣವನ್ನು ತಪ್ಪಾಗಿ ಗ್ರಹಿಸಿದರೆ ತಪ್ಪು ಪರಿಹಾರವನ್ನು ಬೇಡುತ್ತಾನೆ. ಅದರ ಬೆಲೆಯನ್ನು ತೆರುವವನು ಅದೇ ಬೆಟ್ಟದ ರೈತ. 2020ರ ಜುಲೈ 1ರಂದು ಹಳೆಯ ಒಪ್ಪಂದದ ಸ್ಥಾನಕ್ಕೆ ಹೊಸದು ಬಂದರೂ ಮೆಕ್ಕೆಜೋಳ ಸುಂಕವಿಲ್ಲದೆಯೇ ಉಳಿಯಿತು.

ಆದುದರಿಂದ ಇಂತಹ ಪ್ರವಾಸವು ಒವಾಹಾಕದಲ್ಲಿ ನಿಲ್ಲದೆ, ಸಿನಲೋವಾದ ಕಾಲುವೆಗಳನ್ನೂ ಅಯೋವಾದ ಕಣಜಗಳನ್ನೂ ಒಳಗೊಳ್ಳಬೇಕು. ಒಪ್ಪಂದದ ಪಾಠವನ್ನು ಹೊರಡುವ ಮುನ್ನವೇ ಓದಿರಬೇಕು. ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಎರಡನ್ನೂ ಜೊತೆಯಾಗಿ ಹೇಳಿದುದರ ಔಚಿತ್ಯ ಇಲ್ಲಿ ಸ್ಪಷ್ಟವಾಗುತ್ತದೆ.